ತಿದಿಯಿಲ್ಲದ ಪೇಟಿ

ಜಯದೇವಿಯ ಹಾಡು ಅರ್ಧಕ್ಕೆ ನಿಂತು ವರ್ಷವಾಗಿತ್ತು. ಆ ಅರ್ಧವನ್ನು ಅವಳೇ ಕಟ್ಟಿದ್ದು. ಗಂಡ ಮಹಾಂತಪ್ಪ ಕಾರು ತೆಗೆದುಕೊಂಡು ಫ್ಯಾಕ್ಟರಿಗೆ ಹೋದ ಮೇಲೆ, ಅಮೆರಿಕದ ಚಾಟ್ಸ್‌ವರ್ತ್‌ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕಟ್ಟಿದ್ದು. ಉಳಿದರ್ಧಕ್ಕೆ ದನಿ ಮೇಲೇರಬೇಕು. ಏರಿದೊಡನೆ ಕೆಳಗಿನ ಷಡ್ಜ ತಪ್ಪಿಹೋಗುತ್ತಿತ್ತು. ಬೆನ್ನಿಗೊಂದು ಶ್ರುತಿಯಿಲ್ಲದೆ ಎಷ್ಟೆಂದು ಏರುವುದು? ಅವಳ ಹಾರ್ಮೋನಿಯಂ, ಅವಳ ಪೇಟಿ, ಹುಬ್ಬಳ್ಳಿಯಲ್ಲಿ ತಂಗಿ ಮಲ್ಲವ್ವನ ಅಟ್ಟದ ಮೇಲಿತ್ತು. ವಿಮಾನಕ್ಕೆ ಭಾರವಾಗುತ್ತದೆಂದು ಬಿಟ್ಟು ಬಂದದ್ದು.

ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಬಸ್ಸು ಸಿಗುವ ರಸ್ತೆಗೆ ನಡೆದರೆ ತಲೆ ತಿರುಗುವಂಥ ಬಿಸಿಲು. ಡ್ರೈವಿಂಗ್ ಕಲಿಯುತ್ತೇನೆಂದಾಗ ಮಹಾಂತಪ್ಪ, "ನಾ ಅದೀನಲ್ಲ, ಎಲ್ಲಿ ಬೇಕಂದ್ರ ಅಲ್ಲಿ ಕರಕೊಂಡ ಹೋಗ್ತೀನಿ" ಎಂದಿದ್ದ. ಅವನು ಕೆಟ್ಟವನಲ್ಲ. ತೊಡಕೇ ಅದು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಕೀಬೋರ್ಡ್ ಕೊಡಿಸುವ ಮಾತನ್ನೂ ಅವನೇ ಎತ್ತಿದ್ದ. ಆದರೆ ಇಂಜಿನಿಯರು ನೋಡಿ, ಕ್ಯಾಟಲಾಗು ತರಿಸುವುದು, ಗೆರೆ ಹೊಡೆಯುವುದು, ಕೊನೆಗೆ "ತಡಿ ಜಯಾ, ಬರೂ ವರ್ಷ ಇದಕ್ಕಿಂತ ಚಲೋದು ಸೋವಿ ಬರ್ತದ. ಈಗ ತಗೊಂಡವ ಮಳ್ಳ" ಅನ್ನುವುದು. ಬರುವ ವರ್ಷ ಬಂದರೆ ಅದಕ್ಕೂ ಒಂದು ಬರುವ ವರ್ಷವಿರುತ್ತಿತ್ತು.

ಎಂಬತ್ಮೂರರ ಯುಗಾದಿ ಹತ್ತಿರ ಬಂದಾಗ ಸ್ಯಾನ್ ಡಿಯೇಗೋದಿಂದ ಗೆಳತಿ ಸಾವಿತ್ರವ್ವ ಫೋನು ಮಾಡಿದಳು. ಅವರ ಮನೆಯಲ್ಲೇ ಹಬ್ಬದ ಕೂಟ. "ಈ ಸಲ ನೀ ಕಟ್ಟಿದ್ದು ಹಾಡಬೇಕ ನೋಡವಾ. ಮಂದಿಗೆಲ್ಲಾ ಹೇಳಿಬಿಟ್ಟೀನಿ." ಜಯದೇವಿ ಹೂಂ ಅಂದಳು. ಅಂದ ಮೇಲೆ ನೆನಪಾಯಿತು: ಇರುವುದು ಅರ್ಧ ಹಾಡು.

ಹಬ್ಬದ ದಿನ ಬೆಳಿಗ್ಗೆ ಕಾರು ಹತ್ತುವಾಗ, "ದಾರ್ಯಾಗ ಕ್ಯಾಟಲಾಗ ಕಳಿಸಿದ ಆ ವಾದ್ಯದ ಅಂಗಡಿಗೆ ಹೋಗೂಣ್ರಿ" ಎಂದಳು.

"ನೋಡೂಣು. ನೋಡಾಕ ಏನಾಗೇದ?" ಎಂದ ಮಹಾಂತಪ್ಪ.

ಲಾಸ್ ಏಂಜಲಿಸ್‌ನ ಆ ಅಂಗಡಿಯಲ್ಲಿ ಉದ್ದಗೂದಲಿನ ಸೇಲ್ಸ್‌ಮನ್ ಅವಳಿಗೆ ಏನು ಬೇಕೆಂದು ಕೇಳಿದ. ಮಹಾಂತಪ್ಪ ಉತ್ತರ ಕೊಟ್ಟ. ಮೊದಲು ಏನು ನುಡಿಸುತ್ತಿದ್ದರೆಂದು ಹುಡುಗ ಮತ್ತೆ ಅವಳನ್ನೇ ಕೇಳಿದ. ಅದಕ್ಕೂ ಮಹಾಂತಪ್ಪನೇ ಉತ್ತರ ಕೊಟ್ಟ. ಆಮೇಲೆ ತುಂಬ ತಿರುಗುಗುಂಡಿಗಳಿದ್ದ ಸಿಂಥಸೈಜರಿನ ಮುಂದೆ ಹೋಗಿ ನಿಂತ. ಒಂದು ಗುಂಡಿ ತಿರುವಿದರೆ ಗಾಳಿ ಬೀಸಿತು, ಇನ್ನೊಂದಕ್ಕೆ ರಾಕೆಟ್ ಹಾರಿತು. ಅವನ ಮುಖ ಅರಳಿತು. "ಇದು ನೋಡು, ಇದು ಮಷೀನು. ಬೇಕಾದ ದನಿ ನೀನ ಹುಟ್ಟಿಸಬಹುದು."

ಜಯದೇವಿ ಕುಳಿತಳು. ತನ್ನ ಷಡ್ಜ ನುಡಿಯುವ ಕರಿ ಪಟ್ಟಿ ಹುಡುಕಿ ಬಲಗೈ ಇಟ್ಟಳು. ಎಡಗೈ ತಾನಾಗಿಯೇ ವಾದ್ಯದ ಹಿಂದಕ್ಕೆ ಹೋಗಿ ಇಲ್ಲದ ತಿದಿಯನ್ನು ಒತ್ತತೊಡಗಿತು. ಒತ್ತುವುದು, ಬಿಡುವುದು. ಸೇಲ್ಸ್‌ಮನ್ ಕಣ್ಣರಳಿಸಿ ನೋಡಿದ.

"ಗಾಳಿ ಹಾಕೂದು ಬ್ಯಾಡ, ಕರೆಂಟ್ ಅದ," ಎಂದು ಮಹಾಂತಪ್ಪ ನಕ್ಕ.

ಅವಳು ನಾಚಿ, ಆ ಕೈಯನ್ನೂ ತಂದು ಷಡ್ಜದ ಮೇಲಿಟ್ಟಳು. ಬಲಗೈಯಿಂದ ಪಂಚಮ ಒತ್ತಿದಳು. ಷಡ್ಜ ಥಟ್ಟನೆ ಸತ್ತಿತು. ಮತ್ತೆ ಹಿಡಿದಳು, ಮತ್ತೆ ಒತ್ತಿದಳು, ಮತ್ತೆ ಸತ್ತಿತು.

"ಷಡ್ಜಾ ನಿಲ್ಲವಲ್ದುರಿ."

ಅದು ಒಂದು ಸಲಕ್ಕೆ ಒಂದೇ ಸ್ವರ ನುಡಿಯುವಂಥದ್ದೆಂದು ಸೇಲ್ಸ್‌ಮನ್ ತಿಳಿಸಿದ. ಹಲವು ಸ್ವರ ಒಟ್ಟಿಗೆ ಬೇಕಿದ್ದರೆ, ಹೊಸದಾಗಿ ಕಲಿಯುವವರಿಗೆ ಕೈಗೆಟಕುವಂಥದ್ದು ಇದೆ ಎಂದು ಮೂಲೆಯಿಂದ ಒಂದು ಪುಟ್ಟ ಕೀಬೋರ್ಡ್ ತಂದ. ತೊಡೆಯ ಮೇಲೆ ಕೂರುವಷ್ಟು. ಸ್ಪೀಕರು ಅದರೊಳಗೇ, ಬ್ಯಾಟರಿಯ ಮೇಲೂ ನಡೆಯುತ್ತದೆ.

"ಹುಡುಗೂರ ಆಟಿಗಿ ಇದು," ಎಂದ ಮಹಾಂತಪ್ಪ.

ಜಯದೇವಿ ಷಡ್ಜ ಹಿಡಿದು ಪಂಚಮ ಒತ್ತಿದಳು. ಎರಡೂ ನಿಂತವು. ದನಿ ತೆಳ್ಳಗಿತ್ತು, ಮೂಗಿನಲ್ಲಿ ಮಾತಾಡಿದಂತೆ. ಆದರೂ ನಿಂತವು.

"ಇದ ಸಾಕ್ರಿ."

"ತಡಿ, ಬರೂ ವರ್ಷ..."

"ಇದ ಸಾಕು."

"ಹೊತ್ತಾತು, ಏಳು. ಅಲ್ಲೆ ಊಟಕ್ಕ ಕಾಯ್ತಿರ್ತಾರ." ಅವನು ಕೀಲಿ ಆಡಿಸುತ್ತ ಹೊರಗೆ ನಡೆದ.

ಅವಳು ಏಳಲಿಲ್ಲ. ಎಲ್ಲಿಗೆ ಏಳುವುದು? ಬಾಗಿಲಾಚೆ ಕಾರು, ಕಾರಿನಾಚೆ ರಸ್ತೆ. ಆ ರಸ್ತೆ ಯಾವ ಕಡೆ ಹೋಗುತ್ತದೆಂಬುದೂ ಅವಳಿಗೆ ತಿಳಿಯದು. ಅವನಿಲ್ಲದೆ ಮನೆಗೆ ಹೋಗಲಾರಳು. ಆದರೆ ಅವನೂ ತನ್ನನ್ನು ಬಿಟ್ಟು ಸಾವಿತ್ರವ್ವನ ಹೊಸ್ತಿಲು ತುಳಿಯಲಾರ, ಅದು ಈಗಷ್ಟೇ ಹೊಳೆಯಿತು. ಹೊರಗೆ ಹಾರ್ನ್ ಕೂಗಿತು. ಜಯದೇವಿ ಷಡ್ಜದ ಮೇಲಿನ ಬೆರಳು ತೆಗೆಯಲಿಲ್ಲ. ಹಾರ್ನ್ ಮತ್ತೆ ಕೂಗಿತು, ನಿಂತಿತು. ಷಡ್ಜ ನಿಲ್ಲಲಿಲ್ಲ.

ಮಹಾಂತಪ್ಪ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಹೆಂಡತಿಯನ್ನು ನೋಡಿದ, ಸೇಲ್ಸ್‌ಮನ್ನನನ್ನು ನೋಡಿದ. ಪಾಕೀಟು ತೆಗೆದ.

ಸೇಲ್ಸ್‌ಮನ್ ಬ್ಯಾಟರಿ ಹಾಕಿ ಕೊಟ್ಟ. ಹೇಗೆ ನಡೆಸಬೇಕೆಂದು ತೋರಿಸಲು ಅವಳ ಕಡೆ ತಿರುಗಿದರೆ ಮಹಾಂತಪ್ಪ ಜೊತೆಗೆ ಬಂದ ಸೂಚನೆಯ ಪುಸ್ತಕವನ್ನು ತಾನೇ ಇಸಿದುಕೊಂಡು ಜೇಬಿಗೆ ಸೇರಿಸಿದ. "ನೀ ಯಾ ಗುಂಡೀನೂ ಮುಟ್ಟಬ್ಯಾಡ. ಮೊದಲ ನಾ ಓದ್ತೀನಿ, ಆಮ್ಯಾಲೆ ಹೇಳಿಕೊಡ್ತೀನಿ." ಹೊರಗೆ ಬಂದು ಕೀಬೋರ್ಡ್ ಇಡಲು ಕಾರಿನ ಡಿಕ್ಕಿಯನ್ನೂ ತೆರೆದ. ಅವಳು ಕೊಡಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡಳು.

ಸ್ಯಾನ್ ಕ್ಲೆಮೆಂಟಿ ದಾಟಿದ ಮೇಲೆ ಫ್ರೀವೇ ಕಟ್ಟಿಕೊಂಡಿತು. ಮುಂದೆ ಎಲ್ಲೋ ಆಕ್ಸಿಡೆಂಟು. ಬಲಕ್ಕೆ ಸಮುದ್ರ, ಎಡಕ್ಕೆ ಬೋಳು ಗುಡ್ಡ, ನಡುವೆ ನಿಂತ ಕಾರುಗಳು. ಹೊಗೆ ಬರುತ್ತದೆಂದು ಮಹಾಂತಪ್ಪ ಕಿಟಕಿ ಏರಿಸಿದ. ಕಾರಿನೊಳಗೆ ಉಸಿರು ಬಿಸಿಯಾಯಿತು. ಕೂಟದ ಹೊತ್ತು ಹತ್ತಿರವಾಗುತ್ತಿತ್ತು. ಹಾಡು ಇನ್ನೂ ಅರ್ಧ.

ಜಯದೇವಿ ಸ್ವಿಚ್ಚು ಒತ್ತಿದಳು. ಎಡಗೈ ಹಿಂದಕ್ಕೆ ಹೊರಟದ್ದನ್ನು ಕಂಡು, ತಡೆದು, ಷಡ್ಜದ ಮೇಲೆ ಕೂರಿಸಿದಳು. ಕಾರೆಲ್ಲ ಅದೇ ದನಿ ತುಂಬಿತು.

"ಸಣ್ಣದ ಮಾಡು, ತಲಿ ಹಿಡೀತದ."

"ಸಣ್ಣದ ಮಾಡೂ ಗುಂಡಿ ಯಾವುದ್ರಿ? ಪುಸ್ತಕಾ ನಿಮ್ಮ ಕಿಸೇದಾಗ ಅದ."

ಮಹಾಂತಪ್ಪ ಜೇಬು ಮುಟ್ಟಿಕೊಂಡ. ಅಷ್ಟರಲ್ಲಿ ಮುಂದಿನ ಕಾರು ಗೇಣುದ್ದ ಸರಿಯಿತು, ಅವನ ಎರಡೂ ಕೈ ಸ್ಟೇರಿಂಗಿಗೆ ಮರಳಿದವು.

ಅವಳು ಮೊದಲರ್ಧ ಹಾಡಿ, ಮೇಲೇರಿದಳು. ಬಿದ್ದಳು. ಷಡ್ಜ ಕಾದಿತ್ತು. ಮತ್ತೆ ಏರಿದಳು. ಈ ಸಲ ಬೀಳದೆ, ಮೇಲೆಯೇ ಸ್ವಲ್ಪ ಸುತ್ತಾಡಿ, ತಾನೇ ದಾರಿ ಹಿಡಿದು ಇಳಿದು ಬಂದಳು.

ಮಹಾಂತಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ, "ಯಾರದದು ಹಾಡು?"

"ನಂದು," ಎಂದಳು. ಕಾರುಗಳು ಕದಲಲಿಲ್ಲ. ಅವಳು ಆ ಹೊಸ ದಾರಿ ಮರೆಯುವ ಮೊದಲು ಇನ್ನೊಮ್ಮೆ ಏರಿದಳು.