ಅಮ್ಮನ ಕಾಲರ್ ಪ್ಯಾಟರ್ನ್

ಅಣ್ಣ ನನ್ನ ಹೊಲಿಗೆ ಅಂಗಡಿಗೆ ಕಾಲಿಟ್ಟು ಎರಡು ವರ್ಷವಾಗಿತ್ತು. ಇವತ್ತು ಬಂದವನು ಕೂರಲೂ ಇಲ್ಲ.

"ನನ್ನ ಸಾಫ್ಟ್‌ವೇರ್ ಮಾಡಿದ್ದ ಕಂಪನಿ ಮುಚ್ಚಿಹೋಗಿದೆ. ಅದನ್ನ ತೆರೆಯೋಕೆ ವರ್ಷವರ್ಷವೂ ಅವರಿಂದ್ಲೇ ಕೀ ನಂಬರ್ ಬರ್ಬೇಕು, ಈಗ ಫೋನೇ ಎತ್ತಲ್ಲ. ಅಮ್ಮನ ಪ್ಯಾಟರ್ನೆಲ್ಲ ಅದರೊಳಗೇ ಇದೆ."

ಅಮ್ಮ ಮೂವತ್ತು ವರ್ಷ ರಟ್ಟಿನಲ್ಲಿ ಕತ್ತರಿಸಿಟ್ಟಿದ್ದ ಕಾಲರು, ತೋಳಿನ ಮಾದರಿಗಳನ್ನು ತನ್ನ ಹೊಲಿಗೆ ಅಂಗಡಿಯ ಆ ಸಾಫ್ಟ್‌ವೇರಿಗೆ ತುಂಬಿಸಿ, ರಟ್ಟನ್ನೆಲ್ಲ ಕಸಕ್ಕೆ ಹಾಕಿದ್ದವನು ಇವನೇ. ಹಾಕುವ ಮುನ್ನ ನಾನು ಒಂದೊಂದನ್ನೂ ಅಳೆದು ಓಪನ್ ಸೋರ್ಸ್ ಸಾಫ್ಟ್‌ವೇರಿನಲ್ಲಿ ಬಿಡಿಸಿಟ್ಟುಕೊಂಡಿದ್ದೆ. ಅದು ಯಾರ ಅಪ್ಪಣೆಯನ್ನೂ ಕೇಳದೆ ನನ್ನ ಹಳೇ ಕಂಪ್ಯೂಟರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಅವತ್ತು ಇವನು ಗಿರಾಕಿಗಳ ಎದುರಿಗೇ, "ಪುಕ್ಕಟೆ ಸಿಗೋದೆಲ್ಲ ಕಸ" ಎಂದು ನನ್ನ ಮರ್ಯಾದೆ ತೆಗೆದಿದ್ದ.

"ನಿನ್ ಹತ್ರ ಇದೆಯಲ್ಲ, ಕೊಡು."

"ಕೊಡೋಕೆ ಮನಸ್ಸಿಲ್ಲ. ನಿನ್ನ ಎದುರಂಗಡಿಯವಳನ್ನ ಕೇಳು, ಅವಳ ಹತ್ರಾನೂ ಇದೆ."

ಆ ದರ್ಜಿಯ ಮೇಲೆ ಅವನು ಹಲ್ಲು ಮಸೆಯುತ್ತಿರುವುದು ಇವತ್ತು ನಿನ್ನೆಯದಲ್ಲ. ಅವನ ಮುಖ ಕಪ್ಪಿಟ್ಟಿತು.

"ಅಮ್ಮನ ಕಾಲರನ್ನ ಕಂಡಕಂಡವರಿಗೆಲ್ಲ ಹಂಚಿದ್ಯಾ?"

"ಆ ಸಾಫ್ಟ್‌ವೇರ್ ನನಗೆ ಹೇಗೆ ಪುಕ್ಕಟೆ ಬಂತೋ ಹಾಗೇ ಪ್ಯಾಟರ್ನನ್ನೂ ಹಂಚಿದೆ, ನನ್ನದೊಂದು ಷರತ್ತು ಹಾಕಿ. ತಗೊಂಡವರು, ಕೇಳಿದವರಿಗೆ ಇಲ್ಲ ಅನ್ನೋ ಹಾಗಿಲ್ಲ."

ಹೊರಟವನು ಬಾಗಿಲಲ್ಲಿ ನಿಂತ. "ಅವಳು ನನಗೆ ಕೊಡ್ತಾಳಾ?"

"ಕೊಡಲೇಬೇಕು" ಎಂದು ನಾನು ಕತ್ತರಿ ಎತ್ತಿಕೊಂಡೆ. "ನಿನ್ನಂಥವನಿಗೂ."