ಅರವತ್ತಮೂರನೆಯ ತಟ್ಟೆ

ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ಕುಲುಮೆ ನೋಡಿಕೊಳ್ಳುತ್ತಿದ್ದವನು ಅವಳ ಗಂಡನ ತಮ್ಮ. ಅವನು ಹಾಗೆ ಕರೆದದ್ದೇ ನೆಪವಾಗಿ ಕಾವಲುಗಾರನಿಂದ ಯಜಮಾನಿಯವರೆಗೆ ಎಲ್ಲರ ಬಾಯಿಗೂ ಅದೇ ಹತ್ತಿತು. ಯಜಮಾನಿ ಅವಳಿಗಿಂತ ಹತ್ತು ವರ್ಷ ದೊಡ್ಡವಳು, ಅದು ಬೇರೆ ಮಾತು.

ಅಲ್ಲಿ ತಯಾರಾಗುತ್ತಿದ್ದುದು ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಅದರ ಜೀವವೆಲ್ಲ ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಮಣಿಯಲ್ಲಿ. ಒಳಗೆ ಬಿಸಿ ಎಷ್ಟಿದೆ ಎಂದು ಹೇಳುವುದು ಆ ಮಣಿಯೇ. ಇಪ್ಪತ್ತೆರಡು ವರ್ಷ ಅದು ಹೊರದೇಶದಿಂದ ಬರುತ್ತಿತ್ತು. ಒಂದು ದಿನ ಅಲ್ಲಿಯವರು, ಇನ್ನು ನಿಮ್ಮಂಥ ಸಣ್ಣವರಿಗೆ ಕೊಡಲಾಗದು ಎಂದು ಎರಡು ಸಾಲು ಗೀಚಿ ಕೈತೊಳೆದುಕೊಂಡರು.

"ನಾವೇ ಮಾಡೋಣ," ಎಂದಳು ಯಜಮಾನಿ. ಹೇಳುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲ. ಸುಡುವ ಪಾಡು ಮೈದುನನ ಪಾಲಿಗೆ ಬಿತ್ತು. ಎರಡು ಬಗೆಯ ಕಪ್ಪು ಪುಡಿ ಬೆರೆಸಿ, ತಂತಿಯ ತುದಿಗೆ ಹಚ್ಚಿ, ತಟ್ಟೆಗೆ ಇನ್ನೂರರಂತೆ ಕುಲುಮೆಗೆ ಇಡಬೇಕು. ಕಾವು ಕೂದಲೆಳೆಯಷ್ಟು ಹೆಚ್ಚಿದರೂ ಮಣಿ ಸುಳ್ಳು ಹೇಳುತ್ತದೆ.

ಹನ್ನೊಂದು ತಿಂಗಳಲ್ಲಿ ಅವನು ಅರವತ್ತೆರಡು ತಟ್ಟೆ ಸುಟ್ಟ. ಪರೀಕ್ಷೆಯ ಮೇಜಿನಲ್ಲಿ ಕೂತು ಮಣಿಗಳನ್ನು ಒಂದೊಂದಾಗಿ ಮೀಟರಿಗೆ ಸಿಕ್ಕಿಸುತ್ತಿದ್ದ ಅತ್ತಿಗೆ, ಮುಳ್ಳು ಒಂದೇ ಗೆರೆಗೆ ನಿಲ್ಲದ್ದರಿಂದ, ಅರವತ್ತೆರಡನ್ನೂ ಕಸದ ಡಬ್ಬಿಗೆ ಸುರಿದಳು. ಎಂಟು ವರ್ಷದವನಾಗಿದ್ದಾಗಿನಿಂದ ಉಣ್ಣಿಸಿ ಬೆಳೆಸಿದವನ ದುಡಿಮೆಯನ್ನು ತನ್ನ ಕೈಯಾರೆ ಬಿಸಾಡುವಾಗ ಅವಳು ಅವನ ಕಡೆ ನೋಡುತ್ತಿರಲಿಲ್ಲ. ಅವನು ಸೊರಗಿ ಕಡ್ಡಿಯಾಗಿದ್ದ. ಊಟಕ್ಕೆ ಕೂತಾಗಲೂ ಕಾವಿನ ಲೆಕ್ಕವನ್ನೇ ಗೊಣಗುತ್ತಿದ್ದ.

"ಅತ್ತಿಗೆ, ನಾನು ದಡ್ಡನಾ?" ಎಂದು ಒಮ್ಮೆ ಕೇಳಿದ್ದ.

"ದಡ್ಡ ಆಗಿದ್ರೆ ಇಷ್ಟೊತ್ತಿಗೆ ಬಿಟ್ಟು ಓಡ್ತಿದ್ದೆ. ಸುಮ್ನೆ ಉಣ್ಣು."

ಅರವತ್ತಮೂರನೆಯ ತಟ್ಟೆಯ ಇನ್ನೂರು ಮಣಿಗಳೂ ಒಂದೇ ಗೆರೆಗೆ ಬಂದು ನಿಂತವು. ಯಜಮಾನಿ ಅತ್ತೇಬಿಟ್ಟಳು. ಮೈದುನ ನಗುವುದನ್ನೇ ಮರೆತವನಂತೆ ಗೋಡೆಗೆ ಒರಗಿದ. ಅಂದು ಮನೆಯಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡ. ಅಷ್ಟು ಹೊತ್ತಿಗೆ ಪುಡಿ ಮುಗಿದಿತ್ತು, ಮತ್ತೆ ತರಿಸುವ ಶಕ್ತಿ ಯಜಮಾನಿಗೆ ಉಳಿದಿರಲಿಲ್ಲ. ಈ ಮಣಿ ಕೂರಿಸಿದ ಪೆಟ್ಟಿಗೆಗಳನ್ನು ಆಸ್ಪತ್ರೆ ಒಪ್ಪಿದರೆ ಕಾರ್ಖಾನೆ ಉಳಿಯಿತು, ಇಲ್ಲದಿದ್ದರೆ ಬೀಗ.

ಪೆಟ್ಟಿಗೆ ನೋಡಿ ಒಪ್ಪಲು ಆಸ್ಪತ್ರೆಯಿಂದ ಹಿರಿಯ ನರ್ಸ್ ಒಬ್ಬಳು ಬಂದಳು. ಪೆಟ್ಟಿಗೆ ಮೂವತ್ತೇಳು ಡಿಗ್ರಿ ತೋರಿಸುತ್ತಿದ್ದಾಗ ಚೀಲದಿಂದ ಗಾಜಿನ ಥರ್ಮಾಮೀಟರ್ ತೆಗೆದು ಒಳಗಿಟ್ಟಳು. ಪಾದರಸ ನಲವತ್ತಕ್ಕೆ ಏರಿ ನಿಂತಿತು.

"ನಿಮ್ಮ ಥರ್ಮಾಮೀಟರ್ ಸರಿಯಿಲ್ಲ ಅನ್ಸುತ್ತೆ," ಎಂದಳು ಅತ್ತಿಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನರ್ಸ್ ಜಗಳಕ್ಕೆ ನಿಲ್ಲಲಿಲ್ಲ. ಇನ್ನೊಂದನ್ನು ತೆಗೆದಿಟ್ಟಳು. ಅದೂ ನಲವತ್ತು. "ಕೂಸು ಬೆಂದು ಹೋಗುತ್ತಲ್ಲಮ್ಮ ಇದ್ರಲ್ಲಿ," ಎಂದು ಚೀಲ ಎತ್ತಿಕೊಂಡು ಹೊರಟೇಹೋದಳು.

ಯಜಮಾನಿ ಮೈದುನನ ಕಡೆ ತಿರುಗಿದಳು. "ಕಾವು ಜಾಸ್ತಿ ಮಾಡಿದ್ಯಾ?"

"ಮಾಡಿರ್ಬೇಕು. ನನ್ನದೇ ತಪ್ಪು," ಎಂದ ಅವನು, ತಲೆ ತಗ್ಗಿಸಿ.

ಅತ್ತಿಗೆಯ ಕಣ್ಣು ಮೇಜಿನ ಮೇಲಿನ ಮೀಟರಿನತ್ತ ಹೋಯಿತು. ನರ್ಸಿಗೆ ತಾನು ಅಂದ ಮಾತೇ ಅವಳನ್ನು ಹಿಡಿದುಕೊಟ್ಟಿತ್ತು: ಮಣಿಯನ್ನು ನಂಬಿ ಅಳತೆಯನ್ನೇ ದೂರುವುದು. ದಿನಾ ಬೆಳಿಗ್ಗೆ ತಟ್ಟೆಯಲ್ಲಿ ಮೊದಲು ಕೈಗೆ ಸಿಕ್ಕ ಮಣಿಯನ್ನು ಮೂವತ್ತೇಳರ ಬಿಸಿನೀರಿಗೆ ಅದ್ದಿ ಮೀಟರಿಗೆ ಸಿಕ್ಕಿಸುವುದು, ಮುಳ್ಳು ಗೆರೆಗೆ ಬಾರದಿದ್ದರೆ ಮೀಟರಿನ ಹಿಂದಿನ ತಿರುಪು ತಿರುಗಿಸಿ ತರುವುದು ಅವಳ ರೂಢಿ. ಹೊರದೇಶದ ಮಣಿ ಒಮ್ಮೆಯೂ ತಪ್ಪುತ್ತಿರಲಿಲ್ಲ, ಹಳೆಯ ಮೀಟರ್ ದಿನವೂ ತಪ್ಪುತ್ತಿತ್ತು. ಮಣಿ ಹೇಳಿದ್ದೇ ವೇದವಾಕ್ಯ. ಮಣಿ ಇಲ್ಲೇ ತಯಾರಾಗತೊಡಗಿದ ಮೇಲೂ ಅವಳ ಕೈ ಅದನ್ನೇ ಮಾಡಿಕೊಂಡು ಬಂದಿತ್ತು. ಅರವತ್ತಮೂರನೆಯ ತಟ್ಟೆಯಲ್ಲಿ ಇನ್ನೂರೂ ಒಂದೇ ಸುಳ್ಳು ಹೇಳಿದ್ದವು, ಅವಳು ಮೀಟರಿಗೂ ಆ ಸುಳ್ಳನ್ನು ಕಲಿಸಿದ್ದಳು.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪನ್ನು ಅವನು ಆಗಲೇ ಹೊತ್ತುಕೊಂಡಾಗಿತ್ತು. ಆದರೆ ತಗ್ಗಿದ ಆ ತಲೆಯನ್ನು ನೋಡಿಕೊಂಡು ನಿಲ್ಲುವುದು ಅವಳಿಂದ ಆಗಲಿಲ್ಲ. ಎಲ್ಲ ಹೇಳಿದಳು. ತಿರುಪನ್ನು ತಿರುಗಿಸಿಯೂ ತೋರಿಸಿದಳು.

ಯಜಮಾನಿ ಬೈಯಲಿಲ್ಲ. ಹತ್ತಿರವಿದ್ದ ಸ್ಟೂಲು ಎಳೆದುಕೊಂಡು ಕೂತಳು. ಮೈದುನ ಮೀಟರಿನ ತಿರುಪನ್ನು ತಾನೂ ಒಮ್ಮೆ ತಿರುಗಿಸಿ ನೋಡಿದ.

"ಮೊದಲು ಸಿಕ್ಕಿದ ಮಣಿ ಕೆಟ್ಟದ್ದಾಗಿದ್ರೆ," ಎಂದ ಮೆಲ್ಲಗೆ, "ಆ ತಟ್ಟೇಲಿರೋ ಒಳ್ಳೇ ಮಣಿಗಳನ್ನೆಲ್ಲ ಮೀಟರ್ ಕೆಟ್ಟದ್ದು ಅಂತ ತೋರಿಸಿರುತ್ತೆ, ಅಲ್ವಾ?"

"ಹೂಂ."

"ಹಾಗಾದ್ರೆ ಆ ಅರವತ್ತೆರಡರಲ್ಲಿ ಯಾವತ್ತಾದ್ರೂ ನನಗೆ ಸರಿಯಾಗಿ ಬಂದಿತ್ತಾ ಅತ್ತಿಗೆ?"

ಅವಳ ಪುಸ್ತಕದಲ್ಲಿ ಅರವತ್ತೆರಡು ಸಾಲಿಗೂ ಒಂದೇ ಪದವಿತ್ತು: ತಿರಸ್ಕೃತ. ಮಣಿಗಳು ಕಸದ ಲಾರಿಯಲ್ಲಿ ಎಂದೋ ಹೋಗಿದ್ದವು.

"ಗೊತ್ತಿಲ್ಲಪ್ಪ," ಎಂದಳು. "ಇನ್ನು ಗೊತ್ತಾಗೋದೂ ಇಲ್ಲ."