ಜೋಗ್ಜಾಕ್ಕೆ ಎರಡು ಟಿಕೇಟು

ನನ್ನ ಮಗಳು ವೆನಿಂಗ್‌ಳನ್ನು ನಾನು ಒಂದು ಸಲವೂ ಜೋಗ್ಜಾಕ್ಕೆ ಬಿಟ್ಟಿರಲಿಲ್ಲ. ನಮ್ಮ ಕೆಬುಮೆನ್‌ನಿಂದ ರೈಲಿನಲ್ಲಿ ಎರಡು ಗಂಟೆಯ ದಾರಿ. ಶಾಲೆಯಿಂದ ಎರಡು ಸಲ ಪ್ರವಾಸ ಹೊರಟರು. ಎರಡು ಸಲವೂ ನಾನು ಒಪ್ಪಿಗೆ ಚೀಟಿಗೆ ಸಹಿ ಹಾಕಲಿಲ್ಲ.

"ಮೆರಾಪಿ ಹೊಗೆ ಉಗುಳ್ತಾ ಇದೆ. ಬೆಂಕಿ ಬೆಟ್ಟದ ಬುಡಕ್ಕೆ ಮಗೂನ ಕಳಿಸ್ಬೇಕಾ?" ಎಂದು ಮೇಷ್ಟರ ಮೇಲೆ ಕೂಗಾಡಿದೆ.

"ಅರಮನೆಗೂ ಬೆಟ್ಟಕ್ಕೂ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಇದೆ, ಕಾರ್ಸೊನೊ ಅವ್ರೇ" ಎಂದರು ಮೇಷ್ಟರು.

"ಹಾಗಾದ್ರೆ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗಿ" ಎಂದೆ.

ವೆನಿಂಗ್ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಬೆಟ್ಟದ ಮಾತು ಬರೀ ನೆಪ. ನನಗೆ ಹೆದರಿಕೆ ಇದ್ದದ್ದು ಆ ಊರಿನಲ್ಲಿ ಬೆಳ್ಳಿ ಕೆಲಸ ಮಾಡುವ ಒಬ್ಬ ಮನುಷ್ಯನದು. ಅದು ನನಗೂ ನನ್ನ ಹೆಂಡತಿ ತಾರ್ಮಿಗೂ ಬಿಟ್ಟರೆ ಈ ಹಳ್ಳಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ವರ್ಷ ವೆನಿಂಗ್‌ಗೆ ಮದುವೆ ಗೊತ್ತಾಯಿತು. ಹುಡುಗ ಗಿಲಾಂಗ್, ಗೊಂಬೊಂಗ್‌ನಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಡಿಮೆ ಮಾತಿನವನು, ಕೈತುಂಬ ಗ್ರೀಸು. ನನಗೆ ಹಿಡಿಸಿದ. ನಮ್ಮಲ್ಲಿ ಮದುವೆ ಎಂದರೆ ಹುಡುಗಿಯ ಅಪ್ಪ ಹುಡುಗನ ಎದುರು ಕೂತು, ಅವನ ಬಲಗೈ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಬೇಕು. ಅದು ಮುಗಿದ ಕೂಡಲೇ ಹುಡುಗ "ಒಪ್ಪಿದೆ" ಅನ್ನಬೇಕು. ನಡುವೆ ತಡವರಿಸಿದರೆ ಮತ್ತೆ ಮೊದಲಿನಿಂದ. ಬಾಯಿ ಬಾರದವರು ಅಧಿಕಾರಿಯ ಕೈಲಿ ಹೇಳಿಸುತ್ತಾರೆ. ನಾನೇ ಹೇಳುತ್ತೇನೆ ಎಂದು ಮೊದಲೇ ಹೇಳಿಬಿಟ್ಟಿದ್ದೆ. ನನ್ನ ಹೆಂಚಿನ ಭಟ್ಟಿಯ ಪಕ್ಕ ಹಸಿ ಹೆಂಚು ತಿರುವಿ ಹಾಕುತ್ತಾ ದಿನಕ್ಕೆ ಇಪ್ಪತ್ತು ಸಲ ಹೇಳಿಕೊಳ್ಳುತ್ತಿದ್ದೆ: ಗಿಲಾಂಗ್, ನನ್ನ ಮಗಳು ವೆನಿಂಗ್ ಕಿನಾಸಿಹ್‌ಳನ್ನು ನಿನಗೆ ಮದುವೆ ಮಾಡಿಕೊಡುತ್ತಿದ್ದೇನೆ.

ಮದುವೆಗೆ ನಲವತ್ತು ದಿನ ಇರುವಾಗ ಮುಖ್ಸಿನ್ ಅಜ್ಜ ಬಂದರು. ಊರಿನ ಮದುವೆ, ಸಾವು ಎಲ್ಲದರ ಕಾಗದಪತ್ರ ನೋಡುವವರು ಅವರೇ. ಜಗುಲಿಯಲ್ಲಿ ಕೂತು, ಕನ್ನಡಕ ಏರಿಸಿ, ನಮ್ಮ ಮದುವೆಯ ಪುಸ್ತಕವನ್ನೂ ವೆನಿಂಗ್‌ಳ ಜನನ ಪತ್ರವನ್ನೂ ಪಕ್ಕಪಕ್ಕ ಇಟ್ಟರು. ಬಹಳ ಹೊತ್ತು ನೋಡಿದರು.

"ಕಾರ್ಸೊ, ಮಗು ಹುಟ್ಟಿ ಎರಡು ವರ್ಷ ಆದ್ಮೇಲೆ ನಿನ್ನ ಮದುವೆ ಆಗಿದೆಯಲ್ಲೋ."

"ಆದ್ರೆ ಏನೀಗ?"

"ರಕ್ತ ಯಾರದ್ದು ಅಂತ ಕೇಳ್ಬೇಕಾಗುತ್ತೆ. ನನ್ನ ಕೆಲಸ ಅದು. ಹೆತ್ತ ಅಪ್ಪ ಬದುಕಿದ್ರೆ ಅವನೇ ಕೂತ್ಕೋಬೇಕು. ಸಾಕಿದೋನು ಕೂತ್ರೆ ಆ ಮದುವೆ ಮದುವೇನೇ ಅಲ್ಲ. ನಾಳೆ ಆ ಹುಡುಗಿ ಹೆರೋ ಮಕ್ಕಳ ಗತಿ?"

"ಏಳಿ ಮೇಲೆ" ಎಂದೆ. ಅವರ ಚಹಾ ಇನ್ನೂ ಅರ್ಧ ಉಳಿದಿತ್ತು. "ಎಪ್ಪತ್ತು ವರ್ಷದ ಮುದುಕ ಅಂತ ಸುಮ್ನಿದೀನಿ. ಏಳಿ!"

ಅವರು ಎದ್ದರು. ಚಪ್ಪಲಿ ಹಾಕಿಕೊಂಡು, "ನಾನು ಯಾರ ಹತ್ರಾನೂ ಆಡಲ್ಲ. ನೀನೇ ಬಂದು ಹೇಳು" ಎಂದು ಹೊರಟುಹೋದರು. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಅದಕ್ಕೇ ನನಗೆ ಇನ್ನೂ ಉರಿಯಿತು.

ನಡೆದದ್ದು ಇಷ್ಟು. ತಾರ್ಮಿಯ ಮೊದಲ ಗಂಡ ಪ್ರಸೋಜೊ. ಮಗುವಿಗೆ ಹನ್ನೊಂದು ತಿಂಗಳಿದ್ದಾಗ ಜೋಗ್ಜಾದ ಕೋಟಾಗೆಡೆಗೆ ಬೆಳ್ಳಿ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ತಲಾಖ್ ಆಯಿತು. ನಾನು ತಾರ್ಮಿಯನ್ನು ಮದುವೆಯಾದಾಗ ಮಗು ನನ್ನ ಮೊಣಕಾಲು ಹಿಡಿದು ನಿಲ್ಲುತ್ತಿತ್ತು. ನಾವು ಈ ಹಳ್ಳಿಗೆ ಬಂದೆವು. ಶಾಲೆಗೆ ಸೇರಿಸಲು ಜನನ ಪತ್ರ ಬೇಕು ಎಂದರು. ಅದುವರೆಗೆ ಯಾರೂ ಮಾಡಿಸಿರಲಿಲ್ಲ. ಕಚೇರಿಯಲ್ಲಿ ಗುಮಾಸ್ತ ತಲೆ ಎತ್ತದೆ "ಅಪ್ಪನ ಹೆಸರು?" ಎಂದ. "ಕಾರ್ಸೊನೊ" ಎಂದೆ. "ಮಗುವಿನ ಪೂರ್ತಿ ಹೆಸರು?" ಎಂದ. ಬರೀ ವೆನಿಂಗ್ ಅಂತಿತ್ತು. ಕಿನಾಸಿಹ್ ಎಂದು ಅಲ್ಲೇ ಸೇರಿಸಿದೆ. ನಮ್ಮ ಭಾಷೆಯಲ್ಲಿ ಮುದ್ದಿನವಳು ಎಂದು. ಮಾಡಿದ್ದು ತಪ್ಪು ಅಂತ ಆ ದಿನ ಒಂದು ಕ್ಷಣವೂ ಅನ್ನಿಸಲಿಲ್ಲ. ಸೈಕಲ್ಲಿನಲ್ಲಿ ಮುಂದೆ ಕೂರಿಸಿಕೊಂಡು ಹಾಡು ಹೇಳುತ್ತಾ ಮನೆಗೆ ಬಂದೆ.

ಮುಖ್ಸಿನ್ ಅಜ್ಜ ಬಂದುಹೋದ ಮರುದಿನ ಬೆಳಿಗ್ಗೆ, ತಿಂಡಿ ತಿನ್ನುವಾಗ ತಾರ್ಮಿ ಮಗಳ ಮುಂದೆಯೇ ನನ್ನನ್ನು ಕರೆದು ಹೇಳಿದಳು: "ಮಾಸ್, ಮದುವೆಗೆ ಮುಂಚೆ ಮೂರೂ ಜನ ಎರಡು ದಿನ ಜೋಗ್ಜಾಕ್ಕೆ ಹೋಗಿ ಬರೋಣ."

ಹೋಗುವುದು ಯಾರನ್ನು ಹುಡುಕಿಕೊಂಡು ಎಂದು ನನಗೆ ಅರ್ಥವಾಯಿತು. ಮಗಳ ಎದುರು ನಾನು ಬೈಯಲಾರೆ ಎಂದು ಲೆಕ್ಕ ಹಾಕಿಯೇ ಹೇಳಿದ್ದಳು. ವೆನಿಂಗ್ ತಟ್ಟೆ ಬಿಟ್ಟು ಎದ್ದು ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಅಪ್ಪ ಬೇಡ ಅನ್ನಲಿಲ್ಲ! ಅಮ್ಮ, ನೀನೇ ಸಾಕ್ಷಿ! ಬೇಡ ಅನ್ನಲಿಲ್ಲ!"

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಮಾಡಿದಳು. ಅರಮನೆ ಬೆಳಿಗ್ಗೆಯೇ ನೋಡಬೇಕು, ಮಧ್ಯಾಹ್ನ ಮುಚ್ಚುತ್ತಾರೆ. ಹಲಸಿನಕಾಯಿ ಪಲ್ಯದ ಗುದೆಗ್ ಎಲ್ಲಿ ತಿನ್ನಬೇಕು. ಕಣ್ಣು ಕಟ್ಟಿಕೊಂಡು ಮೈದಾನದ ಎರಡು ಆಲದಮರಗಳ ನಡುವೆ ನೆಟ್ಟಗೆ ನಡೆದು ದಾಟಿದರೆ ಅಂದುಕೊಂಡದ್ದು ಆಗುತ್ತದಂತೆ, ಅದನ್ನು ಅಪ್ಪನ ಕೈಲಿ ಮಾಡಿಸಬೇಕು. ಅತ್ತೆಗೆ ಬಕ್ಪಿಯಾ ಸಿಹಿತಿಂಡಿಯ ಡಬ್ಬಿ ತರಬೇಕು. ಮೆರಾಪಿ ಬುಡಕ್ಕೆ ಜೀಪು.

"ಜೀಪು ಬೇಡ. ಬೆಟ್ಟ ಈಗ ಜೋರಾಗಿದೆಯಂತೆ" ಎಂದೆ.

"ಸರಿ ಬಿಡು" ಎಂದು ಅದನ್ನು ಹೊಡೆದು ಹಾಕಿದಳು. "ಮನೇಲೇ ಒಂದು ಮೆರಾಪಿ ಇದೆ. ದುಡ್ಡು ಕೊಟ್ಟು ಇನ್ನೊಂದು ಯಾಕೆ ನೋಡ್ಬೇಕು?"

ತಾರ್ಮಿ ನಕ್ಕಳು. ನಾನೂ ನಕ್ಕೆ. ಮಗಳು ಒಳಗೆ ಹೋದ ಮೇಲೆ ತಾರ್ಮಿ, "ಇವತ್ತು ಹೇಳ್ತೀಯಾ?" ಎಂದಳು. ನಾಳೆ ಎಂದೆ. ದಿನಾ ನಾಳೆ ಎಂದೆ.

ಹೊರಡುವುದಕ್ಕೆ ನಾಲ್ಕು ದಿನ ಇತ್ತು. ಮಧ್ಯಾಹ್ನ ಭಟ್ಟಿಗೆ ಸೌದೆ ಹಾಕುತ್ತಿದ್ದೆ. ವೆನಿಂಗ್ ಪಟ್ಟಿ ಹಿಡಿದುಕೊಂಡು ಬಂದಳು, ಹಿಂದೆಯೇ ತಾರ್ಮಿ.

"ಅಪ್ಪ, ಒಂದು ಸೇರಿಸಿದೀನಿ. ಗಿಲಾಂಗ್‌ಗೆ ಬೆಳ್ಳಿ ಉಂಗುರ ನಾನೇ ತಗೋಬೇಕು. ಕೋಟಾಗೆಡೆ ಅಂತ ಒಂದು ಕಡೆ ಇದೆಯಂತೆ, ಬೀದಿ ತುಂಬ ಬೆಳ್ಳಿ ಕೆಲಸದೋರೇ..."

"ಕೋಟಾಗೆಡೆ ಹೆಸರೆತ್ತಬೇಡ!" ಎಂದು ಕೂಗಿದೆ. ಅವಳ ಕೈಯಿಂದ ಹಾಳೆ ಕಿತ್ತುಕೊಂಡು ಎರಡು ತುಂಡು ಮಾಡಿದೆ.

ಅವಳಿಗೆ ನನ್ನ ಕೂಗು ಹೊಸದಲ್ಲ. ಅವಳದನ್ನು ಹರಿದು ಹಾಕಿದ್ದು ಹೊಸದು. ಆ ತುಂಡುಗಳನ್ನೇ ನೋಡುತ್ತಿದ್ದಳು.

"ಯಾಕಪ್ಪ? ಏನಿದೆ ಅಲ್ಲಿ?"

"ಹೇಳಿಬಿಡು, ಮಾಸ್" ಎಂದಳು ತಾರ್ಮಿ.

ಹೇಳಿದೆ. ಹೇಗೆ ಹೇಳಬೇಕೆಂದು ಒಂದು ವಾರ ಯೋಚಿಸಿದ್ದೆ, ಅದೊಂದೂ ಬಾಯಿಗೆ ಬರಲಿಲ್ಲ. "ನಿನ್ನ ಹೆತ್ತ ಅಪ್ಪ ಅಲ್ಲಿದಾನೆ. ಹೆಸರು ಪ್ರಸೋಜೊ. ಮದುವೇಲಿ ಅವನೇ ಕೂತ್ಕೋಬೇಕು. ಅವನನ್ನ ಕೇಳೋಕೆ ನಾವು ಹೋಗ್ತಿರೋದು." ಇಷ್ಟೇ. ಸೌದೆ ತಂದ ಲಾರಿಯವನಿಗೆ ಹೇಳುವ ಹಾಗೆ ಹೇಳಿದೆ.

ಅವಳು ಒಣಹಾಕಿದ ಹೆಂಚಿನ ಸಾಲಿನ ಪಕ್ಕ ನೆಲದ ಮೇಲೆ ಕೂತಳು. ಅಮ್ಮನ ಮುಖ ನೋಡಿದಳು. ತಾರ್ಮಿ ಅಳುತ್ತಿದ್ದಳು, ಆದ್ದರಿಂದ ಕೇಳುವ ಅಗತ್ಯ ಬೀಳಲಿಲ್ಲ.

"ನಂಗೆ ಅಪ್ಪನ ಕೋಪಾನೇ ಬಂದಿದೆ ಅಂತ ಊರೋರೆಲ್ಲ ಅಂತಾರಲ್ಲ?" ಎಂದು ಕೇಳಿದಳು. ನಿಜವಾಗಿಯೂ ತಿಳಿಯಬೇಕು ಎನ್ನುವ ಹಾಗೆ ಕೇಳಿದಳು. ನಾನು ಭಟ್ಟಿಗೆ ಇನ್ನೊಂದು ಸೌದೆ ತಳ್ಳಿದೆ.

ಅವಳು ಎದ್ದು ನನ್ನ ಹತ್ತಿರ ಬಂದಳು. ಮೆತ್ತಗೆ ಮಾತಾಡಿದಳು.

"ಅಪ್ಪ, ಕಾಗದದಲ್ಲಿ ನೀನೇ ಇದೀಯ. ಮುಖ್ಸಿನ್ ಅಜ್ಜನಿಗೆ ಇವಳು ನನ್ನದೇ ರಕ್ತ ಅಂತ ಹೇಳು. ನೀನೇ ಕೂತ್ಕೋ. ನಂಗೆ ನೀನೇ ಬೇಕು. ಯಾರಿಗೆ ಗೊತ್ತಾಗುತ್ತೆ?"

ಆ ಹೊತ್ತು ನನಗೆ ಬೇಕಾದದ್ದು ಲೋಕದಲ್ಲಿ ಅದೊಂದೇ. ಒಂದು ಸುಳ್ಳು. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳೇ, ಇನ್ನೊಂದು ಸಲ. ಮುಖ್ಸಿನ್ ಅಜ್ಜ ನನ್ನ ಕಣ್ಣು ನೋಡದೆ ಬರೆದುಕೊಳ್ಳುತ್ತಿದ್ದರೋ ಏನೋ. ಆದರೆ ಗಿಲಾಂಗ್‌ನ ಗ್ರೀಸು ಮೆತ್ತಿದ ಕೈ ನೆನಪಾಯಿತು. ಅವನು ನಂಬಿ "ಒಪ್ಪಿದೆ" ಅನ್ನುತ್ತಾನೆ. ದೇವರ ಮುಂದೆ ಅವರಿಬ್ಬರೂ ಮದುವೆಯಾಗದೆ ಬಾಳುತ್ತಾರೆ. ಅದು ಅವನೊಬ್ಬನಿಗೆ ಮಾತ್ರ ಗೊತ್ತಿರುವುದಿಲ್ಲ.

"ಆಗಲ್ಲ" ಎಂದೆ.

"ಅಪ್ಪ..."

"ಆಗಲ್ಲ ಅಂದ್ರೆ ಆಗಲ್ಲ!"

ಅವಳು ಹಿಂದೆ ಸರಿದಳು. "ಹಾಗಾದ್ರೆ ನೀನು ಬರಬೇಡ. ನಾನೂ ಅಮ್ಮಾನೂ ಹೋಗ್ತೀವಿ. ನೀನು ಎದುರಿಗಿದ್ರೆ ಇನ್ನೊಬ್ಬರನ್ನ ಅಪ್ಪ ಅಂತ ಕರೆಯೋಕೆ ನಂಗೆ ಬಾಯಿ ಬರಲ್ಲ."

ಮುಖ್ಸಿನ್ ಅಜ್ಜನ ಮನೆಗೆ ಅವತ್ತೇ ಸಂಜೆ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಚಹಾ ಕೊಟ್ಟರು, ಪೂರ್ತಿ ಕುಡಿಯುವವರೆಗೆ ಎದುರಿಗೇ ಕೂತಿದ್ದರು. ಮರುದಿನ ರೈಲ್ವೆ ಸ್ಟೇಷನ್ನಿಗೆ ಹೋಗಿ ಎರಡು ಟಿಕೇಟು ತಂದೆ. ಹರಿದ ಪಟ್ಟಿಯನ್ನು ತಾರ್ಮಿ ಎತ್ತಿಟ್ಟಿದ್ದಳು. ಅರಮನೆ, ಆಲದಮರ, ಗುದೆಗ್ ಎಲ್ಲ ಬಿಟ್ಟು ಕೋಟಾಗೆಡೆ ಒಂದೇ ಉಳಿಸಿಕೊಂಡರು.

ಹೊರಡುವ ಬೆಳಿಗ್ಗೆ ತಾರ್ಮಿ ಚೀಲ ಕಟ್ಟುತ್ತಾ ಪೆನ್ನು ತಂದುಕೊಟ್ಟಳು.

"ಮಾಸ್, ಮದುವೇಲಿ ಹೇಳೋ ಮಾತನ್ನ ಒಂದು ಚೀಟೀಲಿ ಬರೆದುಕೊಡು. ಪ್ರಸೋಜೊಗೆ ಇವಳ ಪೂರ್ತಿ ಹೆಸರು ಗೊತ್ತಿಲ್ಲ."

ಬರೆದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಬೇರೆಯವರು ಓದಬೇಕಲ್ಲ ಎಂದು ಒಂದೊಂದು ಅಕ್ಷರವನ್ನೂ ದುಂಡಗೆ ಬರೆದೆ. ನನ್ನ ಮಗಳು ವೆನಿಂಗ್ ಕಿನಾಸಿಹ್‌ಳನ್ನು. ಕಿನಾಸಿಹ್ ಎಂಬುದರ ಕೆಳಗೆ ಒಂದು ಗೆರೆ ಎಳೆದೆ, ಅವನು ಅಲ್ಲಿ ಎಡವಬಾರದು ಎಂದು.

ವೆನಿಂಗ್ ಒಂದನೇ ಕ್ಲಾಸಿನಿಂದ ಮನೆ ಬಿಟ್ಟು ಹೊರಡುವಾಗಲೆಲ್ಲ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡು ಹೋಗುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ನಾನು ಮಣ್ಣಿನ ಕೈ ತೊಳೆದು ಬಂದು ಬಾಗಿಲಲ್ಲಿ ನಿಂತಿದ್ದೆ. ಅವಳು ಚೀಲ ಎತ್ತಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋಗಿ ಆಟೋ ಹತ್ತಿದಳು. ತಾರ್ಮಿ ಏನೋ ಪಿಸುಗುಟ್ಟಿದಳು. ಅವಳು ತಲೆ ಅಲ್ಲಾಡಿಸಿದಳು. ಆಟೋ ಬಿದಿರಿನ ಮೆಳೆ ದಾಟಿ ತಿರುಗಿತು.

ನಾನು ಭಟ್ಟಿಗೆ ಹೋದೆ. ಹಸಿ ಹೆಂಚುಗಳನ್ನು ತಿರುವಿ ಹಾಕಬೇಕಿತ್ತು, ಬಿಸಿಲು ಏರಿತ್ತು. ಮೂರನೇ ಸಾಲಿಗೆ ಬಂದಾಗ ಬಾಯಿ ತಾನಾಗಿಯೇ ಮದುವೆಯ ಆ ಮಾತು ಹೇಳಿತು. ಗಟ್ಟಿಯಾಗಿ, ಒಂದೇ ಉಸಿರಿಗೆ. ಒಂದು ಅಕ್ಷರವೂ ತಪ್ಪಲಿಲ್ಲ. ಮುಗಿಸಿ, ಅಭ್ಯಾಸದಿಂದ, "ಒಪ್ಪಿದೆ" ಎಂಬುದಕ್ಕೆ ಒಂದು ಗಳಿಗೆ ಕಾದೆ. ಆಮೇಲೆ ಉಳಿದ ಸಾಲುಗಳನ್ನು ತಿರುವಿದೆ.